ಚಿತ್ರದ ತೋಟಕ್ಕೂ ಕತ್ತರಿ ಹಾಕಿದ ಮಾಲಿ

ಕ್ಯಾನ್ವಾಸಿಗೆ ಮೂವತ್ತೊಂದು ಯೂರೊ, ಕುಂಚಗಳಿಗೆ ನಲವತ್ತೆರಡು, ಅಗಸೆ ಎಣ್ಣೆಗೆ ಎಂಟು, ಬಣ್ಣದ ಟ್ಯೂಬುಗಳಿಗೆ ಎಂಬತ್ತಮೂರು. ತೈಲಚಿತ್ರ ಕಲಿಯಲು ಫಿರ್ಮಿನ್ ಕೊಸ್ಸಾರ್ ಹೂಡಿದ ಬಂಡವಾಳ ಇಷ್ಟು. ಟ್ಯೂಬುಗಳಲ್ಲಿ ಅರ್ಧಕ್ಕರ್ಧ ಹಸಿರು.

ಬೆಳಗಿನ ಐದೂವರೆ. ಲ್ವಾರ್ ನದಿ ದಂಡೆಯ ನಮ್ಮೂರಿನ ಉದ್ಯಾನದಲ್ಲಿ ಕೊಸ್ಸಾರ್ ಮಂಡಿಯೂರಿ ಕಾಲುದಾರಿಯ ಕಳೆ ಕೀಳುತ್ತಿದ್ದಾರೆ. ಮೂವತ್ತೆಂಟು ವರ್ಷದಿಂದ ನಗರಸಭೆಯ ಮಾಲಿ. ಎಂಬತ್ತನಾಲ್ಕು ಲಿಂಡೆನ್ ಮರ, ಮುನ್ನೂರ ಹನ್ನೆರಡು ಗುಲಾಬಿ ಗಿಡ, ಕಿಲೋಮೀಟರಿಗಿಂತ ಉದ್ದದ ಹಸಿರು ಬೇಲಿ, ಎಲ್ಲಕ್ಕೂ ಅವರದೇ ಕತ್ತರಿ.

"ಏನ್ ಕಲಾವಿದರೆ, ಗೊಬ್ಬರದ ಗಾಡಿ ತಳ್ತೀರೋ, ಇಲ್ಲಾ ಅದರ ಚಿತ್ರ ಬರೀತಾ ಕೂರ್ತೀರೋ?" ಜೊತೆಗಾರ ಯಾನಿಕ್ ಕೇಳುತ್ತಾನೆ.

"ನೀನು ತಳ್ಳು. ನಿನ್ನ ಚಿತ್ರ ಬರೀತೀನಿ. ಗಾಡೀಲಿರೋದಕ್ಕೂ ನಿನಗೂ ಒಂದೇ ಬಣ್ಣ ಸಾಕು."

ಉದ್ಯಾನದ ಒಂದು ಹೂವನ್ನೂ ಮಾಲಿ ಮನೆಗೆ ಒಯ್ಯುವಂತಿಲ್ಲ. ಕೊಸ್ಸಾರ್ ಮನೆ ಇರುವುದು ನಾಲ್ಕನೇ ಮಹಡಿಯಲ್ಲಿ; ಕುಂಡ ಇಡಲು ಬಾಲ್ಕನಿಯೂ ಇಲ್ಲ. "ಇಷ್ಟು ವರ್ಷ ನೀವು ತಂದಿದ್ದು ಬೂಟಿನ ಮಣ್ಣು ಮಾತ್ರ" ಎಂದು ಹೆಂಡತಿ ಸೊಲಾಂಜ್ ಚಳಿಗಾಲದಲ್ಲಿ ಅಂದರಂತೆ. ನಿನ್ನ ಅರವತ್ತರ ಹುಟ್ಟುಹಬ್ಬಕ್ಕೆ ಇಡೀ ತೋಟ ತರುತ್ತೇನೆ ಎಂದು ಇವರು ಮಾತು ಕೊಟ್ಟುಬಿಟ್ಟರು.

ಊರಿನ ಮ್ಯೂಸಿಯಮ್ಮಿನಲ್ಲಿ ಹಳೆಯ ಚಿತ್ರ ನೋಡಿ ನಕಲು ಮಾಡಿ ಕಲಿಯುವವರಿಗೆ ಮೂರು ತಿಂಗಳ ಪರವಾನಗಿ ಸಿಗುತ್ತದೆ. ನಕಲು ಮೂಲದ ಅಳತೆಯಲ್ಲಿರಬಾರದು. ಮೂಲಕ್ಕೆ ಹೋಲದಿದ್ದರೆ ಹಿಂಬದಿಗೆ ಮೊಹರು ಬೀಳುವುದಿಲ್ಲ. ಮೊಹರಿಲ್ಲದ ಚಿತ್ರ ಬಾಗಿಲು ದಾಟುವುದಿಲ್ಲ. ಕೊಸ್ಸಾರ್ ಆರಿಸಿಕೊಂಡದ್ದು ಇನ್ನೂರೈವತ್ತು ವರ್ಷ ಹಳೆಯ ಒಂದು ತೋಟದ ಚಿತ್ರ: ಕಾರಂಜಿ, ಕೊಳ, ಮರಗಳ ಸಾಲು.

ಪ್ರತಿ ಗುರುವಾರ ಮಧ್ಯಾಹ್ನ ಅವರು ಅದರ ಮುಂದೆ ಕೂರುತ್ತಾರೆ. "ಮೊದಲು ನೆರಳಿಗೆ ಕಪ್ಪು ಬಳಿದೆ, ಗುಂಡಿ ತೋಡಿದಂಗೆ ಕಾಣ್ತು. ಸರಿಯಾಗಿ ನೋಡಿದ್ರೆ ಅದರಲ್ಲಿ ಕಪ್ಪೇ ಇಲ್ಲ, ಬರೀ ನೀಲಿ. ಮೂವತ್ತೆಂಟು ವರ್ಷ ನೆರಳಲ್ಲೇ ಊಟ ಮಾಡಿದೀನಿ, ಕಂಡಿರಲಿಲ್ಲ."

ಹತ್ತನೇ ವಾರ ನಕಲುಗಳ ಉಸ್ತುವಾರಿ ಮದಾಂ ಬೆರ್ತೆಲೊ ಬಂದು ನಿಲ್ಲುತ್ತಾರೆ.

"ಮೊಸ್ಯೊ ಕೊಸ್ಸಾರ್, ಕಾರಂಜಿ ಮೇಲಿದ್ದ ಬಳ್ಳಿ ಎಲ್ಲಿ?"

"ಕಿತ್ತೆ ಮದಾಂ. ಬಿಟ್ರೆ ಕಲ್ಲು ಬಿರುಕು ಬಿಡುತ್ತೆ."

"ಮರದ ಕೊಂಬೆಗಳು?"

"ಸವರಿದೆ. ದಾರಿಗೆ ಅಡ್ಡ ಬರ್ತಿದ್ವು."

"ಇನ್ನೂರೈವತ್ತು ವರ್ಷದಿಂದ ಹಾಗೇ ಇವೆ."

"ಅದೇ ಮದಾಂ ನಾನೂ ಹೇಳ್ತಿರೋದು. ಯಾರೂ ಗಮನ ಕೊಟ್ಟಿಲ್ಲ."

ಮದಾಂ ನಗುವುದಿಲ್ಲ. ಹೀಗಿದ್ದರೆ ಮೊಹರು ಹಾಕಲಾಗದು, ಇನ್ನು ಮೂರೇ ಗುರುವಾರ ಉಳಿದಿದೆ ಎಂದು ಹೇಳಿ ಹೋಗುತ್ತಾರೆ. ಪರವಾನಗಿ ಮುಗಿದ ಮರುದಿನವೇ ಸೊಲಾಂಜ್ ಹುಟ್ಟುಹಬ್ಬ.

ಕೊಸ್ಸಾರ್ ರಜೆ ಹಾಕುತ್ತಾರೆ. ಮ್ಯೂಸಿಯಂ ತೆರೆದಿರುವ ದಿನವೆಲ್ಲ ಅಲ್ಲೇ. ನೀಟಾಗಿ ಬಿಡಿಸಿದ ಬೇಲಿಯನ್ನು ಚಾಕುವಿನಿಂದ ಹೆರೆದು ತೆಗೆಯುತ್ತಾರೆ, ಕಾರಂಜಿಗೆ ಬಳ್ಳಿ ಹಬ್ಬಿಸುತ್ತಾರೆ, ದಾರಿಯ ತುಂಬ ಕಳೆ ಬೆಳೆಸುತ್ತಾರೆ. "ಕಳೆ ಕೀಳೋಕೆ ಸಂಬಳ ತಗೊಂಡವನು. ಒಂದೊಂದೇ ನೆಡುವಾಗ ಯಾನಿಕ್ ಬಂದು ನೋಡಿಬಿಟ್ರೆ ಅಂತ ಭಯ."

ಕೊನೆಯ ಗುರುವಾರ, ಬಾಗಿಲು ಮುಚ್ಚಲು ಹತ್ತು ನಿಮಿಷವಿದ್ದಾಗ, ಮದಾಂ ಬೆರ್ತೆಲೊ ಮೂಲವನ್ನೂ ನಕಲನ್ನೂ ನಾಲ್ಕು ಸಲ ನೋಡಿ ಮೊಹರು ಒತ್ತುತ್ತಾರೆ. ಬಣ್ಣ ಇನ್ನೂ ಒಣಗಿಲ್ಲ. ಬಸ್ಸಿನಲ್ಲಿ ಯಾರಿಗೂ ತಾಗದಂತೆ ಕೊಸ್ಸಾರ್ ಚಿತ್ರವನ್ನು ತಲೆಯ ಮೇಲೆತ್ತಿ ಹಿಡಿದೇ ಮನೆ ಸೇರುತ್ತಾರೆ.

ಮರುದಿನ ಸೊಲಾಂಜ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡುತ್ತಾರೆ. "ತೋಟ ಬಹಳ ಚೆನ್ನಾಗಿದೆ. ಮಾಲಿ ಮಾತ್ರ ಶುದ್ಧ ಸೋಮಾರಿ."

ಮನೆಗೆ ಬಂದವರೆಲ್ಲ ಈಗ ಅದನ್ನೇ ಹೇಳುತ್ತಾರೆ. ಕೊಸ್ಸಾರ್‌ಗೆ ಬೇಸರವಿಲ್ಲ. "ಮೂವತ್ತೆಂಟು ವರ್ಷದ ಹೆಸರು ಹೋಯ್ತು. ಅವಳಿಗೊಂದು ತೋಟ ಬಂತು."