ಗೋಡೆ ಅರಳಿಯ ಎಲೆ

ನಮ್ಮ ಕಾಲೇಜಿನ ಲ್ಯಾಬ್ ಅಟೆಂಡರ್ ಅಂಜನಪ್ಪನವರ ಬಗ್ಗೆ ಹೇಳುವ ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ‘ಶಶಿರೇಖಾ ಮೇಡಂ ಇದಾರೆ’ ಅಂದರೆ ಸಾಕು, ಲ್ಯಾಬಿನಲ್ಲಿ ಮಾತು ನಿಲ್ಲುತ್ತದೆ.

ಅಂಜನಪ್ಪ ಇಪ್ಪತ್ತೆಂಟು ವರ್ಷಗಳಿಂದ ಶ್ರೀರಾಂಪುರದಿಂದ ಶೇಷಾದ್ರಿಪುರಕ್ಕೆ ನಡೆದುಕೊಂಡೇ ಬರುವವರು. ಸೂಕ್ಷ್ಮಜೀವಿಗಳನ್ನು ಬೆಳೆಸುವ ಗಾಜಿನ ಪ್ಲೇಟಿನ ಮುಚ್ಚಳ ತೆಗೆಯದೆಯೇ, ‘ಇದು ಕೆಟ್ಟಿದೆ ಮೇಡಂ’ ಎನ್ನುತ್ತಾರೆ. ಒಮ್ಮೆಯೂ ತಪ್ಪಿಲ್ಲ.

ಎರಡು ವರ್ಷದ ಹಿಂದೆ ಒಂದು ಸಂಜೆ ಅವರಿಗೆ, ಮಲ್ಲೇಶ್ವರದ ಅರಳಿಕಟ್ಟೆಯಿಂದ ನಾಲ್ಕು ಎಲೆ ತರಲು ಹೇಳಿದ್ದೆ. ಮರುದಿನ ಅವರು ತಂದ ಎಲೆಗಳನ್ನು ಪ್ಲೇಟಿನ ಮುಚ್ಚಳದ ಒಳಮೈಗೆ ಅಂಟಿಸಿದೆ. ಎಲೆಯ ಮೇಲೆ ಯೀಸ್ಟ್ ಎಂಬ ಸೂಕ್ಷ್ಮ ಶಿಲೀಂಧ್ರ ಇದ್ದರೆ ಅದರ ಬೀಜಕಣಗಳು ಕೆಳಗೆ ಸಿಡಿದು ಬೆಳೆಯುತ್ತವೆ. ಐದನೇ ದಿನ ತಿಳಿಗುಲಾಬಿ ಬಣ್ಣದಲ್ಲಿ ಅರಳಿ ಎಲೆಯದೇ ಆಕಾರ ಮೂಡಿತ್ತು! ಜೀನ್ ಓದಿಸಿ ನೋಡಿದರೆ, ಗೊತ್ತಿರುವ ಯಾವ ಜಾತಿಯೊಂದಿಗೂ ಹೊಂದಲಿಲ್ಲ. ಹೊಸ ಜಾತಿ. ಕೂತು ಅದರ ವಿವರಣೆಯನ್ನೆಲ್ಲ ಬರೆದೆ. ಆದರೆ ಜೀವಂತ ಯೀಸ್ಟನ್ನು ಎರಡು ಸೂಕ್ಷ್ಮಜೀವಿ ಸಂಗ್ರಹಾಲಯಗಳಿಗೆ ಒಪ್ಪಿಸದೆ ಹೊಸ ಜಾತಿಯ ಹೆಸರಿಗೆ ಮನ್ನಣೆ ಸಿಗುವುದಿಲ್ಲ.

ಅಷ್ಟರಲ್ಲಿ ಈ ಸಲದ ಆಯುಧಪೂಜೆ ಬಂತು. ಫ್ರಿಜ್ ಒರೆಸಲು ನಾನೇ ಸ್ವಿಚ್ ಆರಿಸಿದೆ. ಕುಂಕುಮ ಇಟ್ಟೆ, ಹಾರ ಹಾಕಿದೆ, ಮಂಗಳಾರತಿ ಮಾಡಿದೆ. ಸ್ವಿಚ್ ಹಾಕುವುದನ್ನು ಮಾತ್ರ ಮರೆತು ರಜೆಗೆ ಹೋದೆ. ಬಂದು ನೋಡಿದರೆ ಪ್ಲೇಟುಗಳಿಗೆಲ್ಲ ಕಪ್ಪು ಬೂಷ್ಟು. ಅದರಡಿಯಿಂದ ಯೀಸ್ಟನ್ನು ಬೇರ್ಪಡಿಸಲು ಏನೆಲ್ಲ ಮಾಡಿದೆ, ಆಗಲಿಲ್ಲ.

‘ಬೀಗ ಹಾಕೋವಾಗ ಒಂದ್ಸಲ ನೋಡಕ್ಕಾಗಲ್ವೇನ್ರೀ?’ ಎಂದು ಹುಡುಗರೆದುರೇ ಅಂಜನಪ್ಪನವರ ಮೇಲೆ ಹರಿಹಾಯ್ದೆ. ಅವರು ಬೂಷ್ಟು ಹಿಡಿದ ಪ್ಲೇಟುಗಳನ್ನು ತೊಳೆಯಲು ಎತ್ತಿಕೊಂಡು ಹೋದರು.

ಆಮೇಲೆ ಎರಡು ತಿಂಗಳು ಅದೇ ಅರಳಿಕಟ್ಟೆಗೆ ಅಲೆದೆ. ಎಂಟು ಸಲ ಎಲೆ ತಂದೆ. ಗುಲಾಬಿ ಬಣ್ಣದ ಸುಳಿವೇ ಇಲ್ಲ. ಎರಡು ವರ್ಷದ ಕೆಲಸ ನೀರಲ್ಲಿ ಹೋಮ ಆಯಿತೆಂದು ಕೈಚೆಲ್ಲಿ ಕೂತಿದ್ದ ದಿನ ಅಂಜನಪ್ಪ ಬಾಗಿಲಲ್ಲಿ ನಿಂತರು.

‘ಮೇಡಂ, ಬೈದ್ರೂ ಪರವಾಗಿಲ್ಲ. ಆ ಎಲೆ ಕಟ್ಟೆ ಮರದ್ದಲ್ಲ.’

‘ಏನು?’

‘ಅಲ್ಲಿ ನಾಗರಕಲ್ಲಿದೆ. ನಾನು ಹೋದಾಗ ದೀಪ ಹಚ್ಚೋ ಹೊತ್ತು. ಕೀಳಕ್ಕೆ ಕೈ ಬರ್ಲಿಲ್ಲ. ಬೆಳಿಗ್ಗೆ ನಮ್ಮನೆ ಗೋಡೇಲಿ ಹುಟ್ಟಿರೋ ಅರಳಿ ಸಸಿದು ಕಿತ್ಕೊಂಡು ಬಂದೆ. ಅದು ಗೋಡೆ ಬಿರುಕು ಬಿಡಿಸೋ ಗಿಡ, ಕಿತ್ರೆ ದೋಷ ಇಲ್ಲ.’

‘ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?’

‘ನೀವು ರೇಗ್ತೀರ ಅಂತ. ಆದ್ರೆ ನಾಳೆ ಓನರ್ ಗಾರೆಯವ್ರನ್ನ ಕರೆಸ್ತಿದಾರೆ. ಸಸಿ ಬುಡಸಮೇತ ಹೋಗುತ್ತೆ. ಸುಮ್ನಿರಕ್ಕಾಗ್ಲಿಲ್ಲ.’

ನನಗೆ ರೇಗಲು ಪುರುಸೊತ್ತೆಲ್ಲಿ? ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶ್ರೀರಾಂಪುರಕ್ಕೆ ಹೊರಟೆ. ಎರಡನೇ ಮಹಡಿಯ ಬಿರುಕಿನಲ್ಲಿ ಮೊಣಕೈಯುದ್ದದ ಸಸಿ. ಅಂಜನಪ್ಪ ಏಣಿ ಹತ್ತಿ ಹನ್ನೆರಡು ಎಲೆ ಕಿತ್ತರು, ನಾನು ಏಣಿ ಹಿಡಿದುಕೊಂಡಿದ್ದೆ. ಮರುದಿನ ಆ ಬಿರುಕಿಗೆ ಸಿಮೆಂಟು ಬಿತ್ತು.

ಐದನೇ ದಿನ ಪ್ಲೇಟನ್ನು ಮೊದಲು ನೋಡಿದವರು ಅವರೇ. ‘ಬಂದಿದೆ ಮೇಡಂ’ ಅಂದರು. ಜೀನ್ ಹೊಂದಿತು, ಅದೇ ಜಾತಿ. ಆ ಮನುಷ್ಯ ಬಾಯಿ ಬಿಡದಿದ್ದರೆ ಯೀಸ್ಟೂ ಇಲ್ಲ, ನನ್ನ ವಿವರಣೆಯಲ್ಲಿ ಮರವೇ ತಪ್ಪಾಗಿದೆ ಎಂಬುದೂ ಗೊತ್ತಾಗುತ್ತಿರಲಿಲ್ಲ.

ಮೊದಲೇ ತುಂಬಿಟ್ಟಿದ್ದ ಎರಡೂ ಸಂಗ್ರಹಾಲಯಗಳ ಫಾರಂ ತಿದ್ದಿದೆ. ‘ಸ್ಥಳ’ ಎಂಬಲ್ಲಿ ಶ್ರೀರಾಂಪುರ, ಮನೆಯ ಗೋಡೆ ಎಂದು ಬರೆದೆ. ‘ಸಂಗ್ರಹಿಸಿದವರು’ ಎಂಬಲ್ಲಿ ಮೊದಲಿದ್ದ ನನ್ನ ಹೆಸರು ಹೊಡೆದುಹಾಕಿ ಅವರ ಹೆಸರು ಬರೆದು ತೋರಿಸಿದೆ. ಅಂಜನಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು.

‘ನಾನು ಸುಳ್ಳು ಹೇಳಿದ್ದೂ ಬರೀಬೇಕಾ ಮೇಡಂ?’

‘ಬೇಡ. ನನ್ನ ಹತ್ರ ನಿಜ ಹೇಳಕ್ಕೆ ಭಯಪಟ್ರಲ್ಲ, ಆ ತಪ್ಪು ನಂದು. ಥ್ಯಾಂಕ್ಸ್ ಅಂಜನಪ್ಪ.’

ಜೊತೆಗೆ ಕೆಲಸ ಮಾಡಿದ ಹನ್ನೊಂದು ವರ್ಷದಲ್ಲಿ ಅವರಿಗೆ ನಾನು ಥ್ಯಾಂಕ್ಸ್ ಹೇಳಿದ್ದು ಅದೇ ಮೊದಲು.