ಗ್ಯಾಸಲ್ಲ ಸ್ವಾಮಿ, ಗುಂಡಿಗೆ!

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೃದ್ರೋಗ ವಾರ್ಡಿನಲ್ಲಿ ಆಗಷ್ಟೇ ನೆಲ ಒರೆಸಿದ ಫಿನಾಯಿಲಿನ ಘಾಟು. ಕಿಟಕಿ ಪಕ್ಕದ ಮಂಚಕ್ಕೆ ಸ್ಟೂಲು ಎಳೆದುಕೊಂಡು ಕುಳಿತ ಯುವತಿ, ಹೃದಯಾಘಾತದಿಂದ ಬದುಕುಳಿದ ತರಕಾರಿ ಮಾರುವಾಕೆಯನ್ನು ಮೆಲ್ಲಗೆ ಕೇಳುತ್ತಾಳೆ: “ಎದೆ ನೋವು ಯಾವಾಗ ಶುರುವಾಯ್ತಮ್ಮಾ?”

“ಎದೆ ಎಲ್ಲಿ ನೋಯ್ತು ಮಗಳೇ? ದವಡೆ ಸೆಳೀತಿತ್ತು. ಹಲ್ಲಿನ ಡಾಕ್ಟ್ರ ಹತ್ರ ಹೋದ್ರೆ ಗಟ್ಟಿಯಾಗಿದ್ದ ಹಲ್ಲನ್ನೇ ಕಿತ್ತು ಕಳಿಸಿದ್ರು!”

ಹೇಳಿದಾಕೆ ನಗುತ್ತಾಳೆ. ಕೇಳಿದವಳಿಗೆ ನಗು ಬರುವುದಿಲ್ಲ.

ಹೆಂಗಸರ ಹೃದ್ರೋಗವು ವೈದ್ಯರ ಕಣ್ತಪ್ಪುವುದೇಕೆ ಎಂಬುದೇ ಈ ಯುವ ಸಂಶೋಧಕಿಯ ವಿಷಯ. ಹೃದಯಾಘಾತವೆಂದರೆ ಎದೆ ಹಿಡಿದು ಕುಸಿಯುವ ಗಂಡಸಿನ ಚಿತ್ರವೇ ನಮ್ಮ ತಲೆಯಲ್ಲಿ ಅಚ್ಚೊತ್ತಿದೆ. ಎಷ್ಟೋ ಹೆಂಗಸರಲ್ಲಿ ಅದು ಬೆನ್ನುನೋವಾಗಿ, ವಾಕರಿಕೆಯಾಗಿ, ಮೆಟ್ಟಿಲು ಹತ್ತಲಾರದ ಸುಸ್ತಾಗಿ ಬರುತ್ತದೆ. ಅವರು ಹೇಳಿಕೊಳ್ಳುತ್ತಾರೆ. ಕೇಳುವ ಕಿವಿ ಬೇಕಲ್ಲ!

ತಾಯಿಯಿಲ್ಲದ ಈ ಸಂಶೋಧಕಿಯನ್ನು ಸಾಕಿದ್ದು ಚಿಕ್ಕಮ್ಮ. ಹೊಲಿಗೆ ಅವರ ಕಸುಬು. ಇವಳು ಸಸ್ಯಶಾಸ್ತ್ರ ಓದುತ್ತಿದ್ದಾಗ ಒಂದು ದಿನ ಚಿಕ್ಕಮ್ಮನಿಗೆ ಬೆನ್ನೆಲ್ಲ ಉರಿ, ಮೈಯೆಲ್ಲ ಬೆವರು. “ಆಸ್ಪತ್ರೇಲಿ ಮುಟ್ಟಿ ಕೂಡ ನೋಡ್ಲಿಲ್ಲ. ಗ್ಯಾಸು, ಜೊತೆಗೆ ಗಾಬರಿ ಸ್ವಭಾವ ಅಂದ್ರು. ಸುಮ್ನೆ ಕೆಲಸ ಕೆಡಿಸಿದೆ ಅಂತ ಚಿಕ್ಕಮ್ಮ ನನ್ನನ್ನೇ ಬೈದು, ಮಿಶನ್ ಮುಂದೆ ಕೂತ್ರು. ಅಲ್ಲೇ ತಲೆ ವಾಲಿತು, ಜೀವ ಹೋಗಿತ್ತು.”

ಗಿಡಮರ ಬಿಟ್ಟು ಅವಳು ಹೃದಯದ ಬೆನ್ನು ಹತ್ತಿದ್ದು ಆಗ. ಮೊದಲಿಂದ ಓದಬೇಕಾಯಿತು. ಸಂಶೋಧನೆಗೆ ಸೇರಿದಾಗ ವಿಭಾಗದ ಹಿರಿಯರೊಬ್ಬರು ಹೇಳಿದರಂತೆ: “ಗಂಡಸರ ಮಾಹಿತಿ ಸಿದ್ಧವಾಗಿದೆಯಲ್ಲಮ್ಮ, ಹೆಂಗಸರ ಗೋಳು ಯಾಕೆ?” ಗೋಳಂತೆ! ಸಾಯುವವರದು ಗೋಳು, ಉಳಿದವರದು ವಿಜ್ಞಾನ. ಇವತ್ತಿಗೂ ಅವಳ ಮೇಜು ಇರುವುದು ಮುರಿದ ಕುರ್ಚಿಗಳನ್ನು ಪೇರಿಸಿದ ಉಗ್ರಾಣದಲ್ಲಿ. ನೌಕರಿಯೋ, ವರ್ಷ ವರ್ಷವೂ ನವೀಕರಣಕ್ಕೆ ಕೈ ಕಟ್ಟಿ ನಿಲ್ಲಬೇಕಾದ್ದು.

ಈಚೆಗೆ ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ಶಾಲಾ ಬಸ್ಸಿನ ಆಯಾ ಒಬ್ಬರು ಗೋಡೆ ಹಿಡಿದು ಹೊರಗೆ ನಡೆಯುತ್ತಿದ್ದರು. ಕೈಯಲ್ಲಿ ಗ್ಯಾಸಿನ ಮಾತ್ರೆ, ಹಣೆಯ ತುಂಬ ಬೆವರು. ಇವಳು ಅವರನ್ನು ತಿರುಗಿ ಒಳಗೆ ಕರೆತಂದಳು. ಪಾಳಿಯಲ್ಲಿದ್ದ ವೈದ್ಯ ಸಿಡುಕಿದ:

“ನೀವೇನು ಡಾಕ್ಟ್ರಾ?”

“ಅಲ್ಲ ಸರ್. ಆದ್ರೆ ಇಸಿಜಿ ಮಾಡೋ ತನಕ ಇವರನ್ನ ಹೊರಗೆ ಬಿಡಲ್ಲ.”

ಗೊಣಗುತ್ತಲೇ ಇಸಿಜಿ ತೆಗೆಸಿದ. ನೋಡಿದ ನರ್ಸು ಓಡಿಹೋಗಿ ಸ್ಟ್ರೆಚರ್ ತಂದಳು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಆಯಾ ಬದುಕಿದರು.

ಸಂಶೋಧಕಿಗೆ ಸಿಕ್ಕಿದ್ದೇನು? ‘ವ್ಯಾಪ್ತಿ ಮೀರಿ ವರ್ತಿಸಿದ್ದೀರಿ’ ಎಂಬ ನೋಟಿಸು! ಮಾತ್ರೆ ಕೊಟ್ಟು ಸಾಗಹಾಕಿದವರನ್ನು ಮಾತ್ರ ಯಾರೂ ಏನೂ ಕೇಳಿಲ್ಲ. ಕ್ಷಮೆ ಕೇಳಿ ಮುಗಿಸೆಂದು ಜೊತೆಯವರು ಬುದ್ಧಿ ಹೇಳಿದರು. ಅವಳು ಒಪ್ಪಲಿಲ್ಲ. ಇನ್ನೊಮ್ಮೆ ಹೀಗಾದರೆ ಇನ್ನೊಮ್ಮೆ ಹೀಗೇ ಮಾಡುತ್ತೇನೆಂದು ಉತ್ತರ ಕೊಟ್ಟಳು. ನವೀಕರಣದ ಕಡತ ಅಂದಿನಿಂದ ಮಲಗಿದೆ. ತುರ್ತು ವಿಭಾಗದ ನರ್ಸುಗಳು ಮಾತ್ರ ಈಗ, ಸುಸ್ತೆಂದು ಬರುವ ಹೆಂಗಸರಿಗೂ ಸದ್ದಿಲ್ಲದೆ ಇಸಿಜಿ ಮಾಡಿಸುತ್ತಿದ್ದಾರೆ.

ಕೆಲಸ ಹೋದರೆ? ಕೇಳಿದ್ದಕ್ಕೆ ಭುಜ ಕುಣಿಸುತ್ತಾಳೆ.

“ನಮ್ಮನೆಗೆ ನೋಟಿಸು ಬಂತು, ನಿಜ. ಆಯಾ ಮನೆಗೆ ಆಯಾನೇ ನಡ್ಕೊಂಡು ಹೋದ್ರಲ್ಲ, ಅಷ್ಟು ಸಾಕು.”