ಅಪ್ಪನಿಗೆ ನಾನು ಬರೆದುಕೊಟ್ಟ ಪಥ್ಯ

ಚಿಂತೆ ಮಾಡಲು ನನಗೆ ಕಾರಣವೇ ಬೇಕಿಲ್ಲ. ಆದರೂ ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಒಳ್ಳೆಯ ಕಾರಣ ತಾನಾಗಿ ಸಿಕ್ಕಿತು. ಇಳಕಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಮೂವತ್ತು ತುಂಬುವ ಮೊದಲೇ ದಿನಕ್ಕೆರಡು ಸಲ ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳುತ್ತಿದ್ದವನು. ಬಾಗಲಕೋಟೆಯಲ್ಲಿ ಬೇಸಿಗೆ ರಜೆಗೆ ನಿಸರ್ಗ ಚಿಕಿತ್ಸೆಯ ಒಂದು ವಾರದ ಶಿಬಿರ ಎಂದು ಕೇಳಿದವನೇ ಹೋಗಿ ಮುಂದಿನ ಸಾಲಿನಲ್ಲಿ ಕೂತೆ.

ಕಲಿಸುತ್ತಿದ್ದವರು ಬಾದಾಮಿಯ ಒಬ್ಬ ವೃದ್ಧರು. ಎಲ್ಲರ ಬಾಯಲ್ಲೂ ಅವರು ಅಜ್ಜಾರು. ಹಸಿಯದೆ ಉಣ್ಣಬೇಡಿ, ಅಗಿಯದೆ ನುಂಗಬೇಡಿ, ದೇಹ ತನ್ನ ರಿಪೇರಿ ತಾನೇ ಮಾಡಿಕೊಳ್ಳುತ್ತದೆ, ನೀವು ಅಡ್ಡ ಬರದಿದ್ದರೆ ಸಾಕು ಎನ್ನುತ್ತಿದ್ದರು. ಇದರಲ್ಲಿ ಚಿಂತೆಗೆ ಜಾಗವೇ ಇಲ್ಲವಲ್ಲ ಎಂದು ನನಗೆ ನಿರಾಸೆಯಾಗಿತ್ತು. ಐದನೆಯ ದಿನ ವಾತ, ಪಿತ್ತ, ಕಫ ಬಂದವು, ಜೀವ ಬಂದಂತಾಯಿತು. ಪ್ರತಿಯೊಬ್ಬನ ಮೈಗೂ ಹುಟ್ಟಿನಿಂದ ಒಂದು ಪ್ರಕೃತಿ ಇರುತ್ತದಂತೆ, ಅದಕ್ಕೆ ಒಗ್ಗುವ ಊಟ ಬೇರೆ, ಒಗ್ಗದ ಊಟ ಬೇರೆ. ಕೊನೆಗೆ ಒಂದು ಪ್ರಶ್ನೆಪತ್ರಿಕೆ ಹಂಚಿದರು. ಚರ್ಮ ಒಣಗಿರುತ್ತದೆಯೇ? ಕೈಕಾಲು ತಣ್ಣಗಿರುತ್ತವೆಯೇ? ಕೀಲು ಸದ್ದು ಮಾಡುತ್ತವೆಯೇ? ಸುಮ್ಮಸುಮ್ಮನೆ ಚಿಂತೆಯಾಗುತ್ತದೆಯೇ? ಹಿಂಬದಿಯಲ್ಲಿ ಪಥ್ಯದ ಪಟ್ಟಿ. ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಸೂಚನೆಗಳೂ ಇದ್ದವು. ಸೂಚನೆ ಓದುವ ಅಭ್ಯಾಸ ಮಾಸ್ತರರಿಗೆ ಇರುವುದಿಲ್ಲ, ಮಕ್ಕಳಿಂದ ಓದಿಸುತ್ತೇವೆ ಅಷ್ಟೇ.

ಊರಿಗೆ ಬಂದ ಮರುದಿನವೇ ಅಪ್ಪನಿಂದ ಶುರು ಮಾಡಿದೆ. ಅಪ್ಪ ಮಗ್ಗದಲ್ಲಿದ್ದ. ನಮ್ಮದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ತಳದ ಹಲಗೆ ತುಳಿಯುತ್ತ ಸೀರೆ ನೇಯಬೇಕು. ಒಮ್ಮೆ ಕೂತರೆ ಅಪ್ಪ ಏಳುವವನಲ್ಲ. ನಾನೇ ಕುಣಿಗೆ ಬಗ್ಗಿ ಅವನ ಪಾದ ಮುಟ್ಟಿದೆ.

"ಏನ್ಲೇ, ಮುಂಜಾನೆದ್ದು ಕಾಲ ಮುಗ್ಯಾಕತ್ತಿ? ಏನರ ಬೇಕಾಗೇತೇನು?"

"ಕಾಲು ತಣ್ಣಗ ಅದಾವಪ್ಪಾ."

"ಬಿಸಿ ಇದ್ದಿದ್ರ ಜ್ವರ ಬಂದಾವ ಅಂತಿದ್ದಿ."

ಪಾದ ತಣ್ಣಗೆ, ಹಿಮ್ಮಡಿ ಒಣ, ಮೊಣಕಾಲು ಎದ್ದಾಗ ಕಟಕಟ. ಅಪ್ಪ ವಾತ, ಅನುಮಾನವೇ ಇಲ್ಲ. ಪಟ್ಟಿ ತಿರುಗಿಸಿ ನೋಡಿ ಗಾಬರಿಯಾದೆ. ಒಣ ರೊಟ್ಟಿ, ಮಡಿಕೆ ಕಾಳು, ಹಸಿ ಉಳ್ಳಾಗಡ್ಡಿ: ವಾತಕ್ಕೆ ಆಗದ್ದೆಲ್ಲ ನಲವತ್ತು ವರ್ಷದಿಂದ ಅಪ್ಪನ ತಾಟಿನಲ್ಲೇ ಇತ್ತು. ಆಗುವುದು ಮೆತ್ತನೆಯ ಬಿಸಿ ಅನ್ನ, ತುಪ್ಪ, ಹಾಲು, ಬೆಲ್ಲ, ಗೋಧಿ ಹುಗ್ಗಿ. ಅವ್ವನಿಗೆ ಓದಿ ಹೇಳಿದೆ.

"ಇದು ಬಾಣಂತಿ ಊಟ ಅಲ್ಲೇನೋ? ನಿಮ್ಮಪ್ಪ ಯಾವಾಗ ಹಡದಾನ?" ಎಂದಳು. ಆದರೂ ಮಾಡಿ ಹಾಕಿದಳು. ಸಾಲಿ ಕಲಿತ ಮಗನ ಮಾತು.

ಓಣಿಯೂ ಬಿಡಲಿಲ್ಲ. ನೂಲಿಗೆ ಬಣ್ಣ ಹಾಕುವ ಪಕ್ಕದ ಮನೆಯ ಚಾಚಾ ತಾವೇ ಬಂದು ಕೂತರು. ಕಣ್ಣು ಕೆಂಪು, ಅಂಗೈ ಬಿಸಿ, ಮೈಯೆಲ್ಲ ಬೆವರು: ಪಿತ್ತ. "ಪಿತ್ತದವರು ಭಾಳ ಶಾಣ್ಯಾ ಅಂತ ಬರದೈತ್ರಿ ಚಾಚಾ" ಎಂದರೆ, "ಒಂದ್ ಸಲ ನಮ್ಮ ಮನಿಗಿ ಬಂದು ಜೋರಾಗಿ ಓದಿ ಹೋಗಪಾ, ಆಕಿಗೂ ಗೊತ್ತಾಗ್ಲಿ" ಎಂದರು. ಮಗ್ಗದವರೆಲ್ಲ, ಒಬ್ಬರೂ ತಪ್ಪದೆ, ವಾತ. ಶಾಸ್ತ್ರ ಎಷ್ಟು ಖಚಿತ ಎಂದು ಬೆರಗಾದೆ. ನನ್ನ ಹಾಳೆಯನ್ನು ಹೆದರಿ ಹೆದರಿ ಎರಡು ಸಲ ಅಳಿಸಿ ಬರೆದೆ. ಶಾಂತ, ಸ್ಥಿರ, ಕಫ ಎಂದು ಬಂತು.

ಆಗ ನಮ್ಮ ಓಣಿಗೆ ಮಗ್ಗದ ಸದ್ದೇ ಗಡಿಯಾರ. ಕಣ್ಣು ಮುಚ್ಚಿಕೊಂಡು ಯಾವುದು ಯಾರ ಮನೆಯ ಸದ್ದು ಎಂದು ಹೇಳಬಹುದಿತ್ತು. ಈಗ ಆ ಓಣಿಯಲ್ಲಿ ನಿಂತರೆ ಪವರ್‌ಲೂಮಿನದು ಒಂದೇ ಗದ್ದಲ, ಯಾರದೂ ಬೇರೆಯಾಗಿ ಕೇಳುವುದಿಲ್ಲ. ಪಥ್ಯ ಶುರುವಾಗಿ ತಿಂಗಳಾಗುವುದರೊಳಗೆ ಮಧ್ಯಾಹ್ನದ ಹೊತ್ತು ಅಪ್ಪನ ಸದ್ದು ನಿಲ್ಲತೊಡಗಿತು. ಹುಗ್ಗಿ ಉಂಡವನು ಗೋಡೆಗೊರಗಿ ಅಲ್ಲೇ ತೂಕಡಿಸುತ್ತಿದ್ದ. ಒಂದು ದಿನ ಮುಗಿಯದ ಸೀರೆಯ ಮೇಲೆ ಹಳೆಯ ಧೋತರ ಮುಚ್ಚಿ ಎದ್ದುಬಿಟ್ಟ.

"ನೀ ಬರದಿದ್ದು ಖರೆ ಐತಿ ತಮ್ಮ. ಮೈಯಾಗ ಬರೇ ಗಾಳಿ ತುಂಬೇತಿ. ಇನ್ನ ಮಗ್ಗ ಸಾಕು ಅನಸ್ತೈತಿ."

ತನ್ನ ಮೈಯ ಬಗ್ಗೆ ಅಪ್ಪ ಎಂದೂ ಮಾತಾಡಿದವನಲ್ಲ. ನೆಗಡಿಯಾದರೆ ಮೂಗು ಒರೆಸಿಕೊಂಡು ಲಾಳಿ ಎಸೆಯುತ್ತಿದ್ದವನು. ಅವನಿಗೆ ನಾನು ಹಚ್ಚಿದ್ದು ಪಥ್ಯವೋ ನನ್ನ ರೋಗವೋ ತಿಳಿಯದೆ ಆ ವಾರವೆಲ್ಲ ನನಗೇ ಅನ್ನ ಸೇರಲಿಲ್ಲ. ಅವನು ಮಗ್ಗ ಬಿಟ್ಟರೆ ಬಿಡಿಸಿದವನು ನಾನು. ಭಾನುವಾರ ಅಪ್ಪನನ್ನು ಹೊರಡಿಸಿಕೊಂಡು ಬಾದಾಮಿಗೆ ಅಜ್ಜಾರ ಹತ್ತಿರ ಹೊರಟೆ. ಹುನಗುಂದದಲ್ಲಿ ಬಸ್ಸು ಬದಲಿಸಿದಾಗ ನೋಡುತ್ತೇನೆ, ಅಪ್ಪ ಕಿಟಕಿಯ ಪಕ್ಕ ಕೂತು ತನ್ನ ನಾಡಿ ತಾನೇ ಹಿಡಿದುಕೊಂಡಿದ್ದಾನೆ. ನನ್ನನ್ನು ನೋಡಿ ಕಲಿತದ್ದು.

ಅಜ್ಜಾರು ನಾಡಿ ನೋಡಿದರು, ನಾನು ತುಂಬಿದ ಹಾಳೆ ನೋಡಿದರು.

"ಇವರ ಕಾಲು ಯಾವಾಗ ಮುಟ್ಟಿ ನೋಡಿದಿ?"

"ನೇಯಾಕ ಕುಂತಾಗ್ರಿ."

"ಕುಣ್ಯಾಗ?"

"ಹೌದ್ರಿ."

ಓಣಿಯ ಉಳಿದ ಹಾಳೆಗಳನ್ನೂ ಹೆಮ್ಮೆಯಿಂದ ತಂದಿದ್ದೆ. ಒಂದೊಂದೇ ತಿರುವಿ ಹಾಕಿ ಕೆಮ್ಮು ಬರುವವರೆಗೆ ನಕ್ಕರು.

"ಮಗ್ಗದವರೆಲ್ಲ ವಾತ, ಬಣ್ಣದ ಹಂಡೆ ಮುಂದ ಕುಂಡ್ರಾವ ಪಿತ್ತ! ತಮ್ಮಾ, ನೀ ಪ್ರಕೃತಿ ನೋಡಿಲ್ಲ. ಉದ್ಯೋಗ ಗಣತಿ ಮಾಡ್ಕೊಂಡು ಬಂದಿ. ನೆಲದಾಗ ಕಾಲು ಇಟ್ರ ಯಾರದರ ಬಿಸಿ ಇರ್ತಾವೇನು?" ಎಂದು ಹಾಳೆಯ ನೆತ್ತಿಯ ಮೇಲೆ ಬೆರಳಿಟ್ಟರು. ಕೆಲಸಕ್ಕೆ ಕೂರುವ ಮುಂಚೆ ನೋಡಿ, ಸಣ್ಣಂದಿನಿಂದ ಇದ್ದದ್ದನ್ನು ಬರೆಯಿರಿ ಎಂದು ಅಲ್ಲೇ ಇತ್ತು.

ಆಮೇಲೆ ಅಪ್ಪನತ್ತ ತಿರುಗಿದರು. "ಸಣ್ಣಾವ್ರಿದ್ದಾಗ ಹೆಂಗಿದ್ರಿ?"

"ಎಮ್ಮಿ ಹಂಗ ಇದ್ನಿರಿ. ಯಾರ ತಂಟೇಕೂ ಇಲ್ಲ. ಹಾಕಿದ್ದು ಉಂಡು ಮಕ್ಕೊಂಡ್ರ ಸೂರ್ಯಾ ನೆತ್ತಿಗಿ ಬರಬೇಕು."

"ಹಂಗಾರ ಕಫ ನಿಮ್ಮದು. ಕಫದ ಮೈಗೆ ದಿನಾ ತುಪ್ಪ, ಹುಗ್ಗಿ ಹಾಕಿದ್ರ ಆನಿನೂ ಕುಂತಲ್ಲೇ ತೂಕಡಸ್ತೈತಿ. ಒಣ ರೊಟ್ಟಿ, ಕಾಳು, ಖಾರ, ಅದಾ ನಿಮ್ಮ ಔಷಧ."

ಅಪ್ಪ ಮುಂದಕ್ಕೆ ಬಗ್ಗಿ ಕೇಳಿದ: "ಅಂದ್ರ, ನಾ ಆರಾಮ ಅದೇನಿ ಅಂತೀರೇನ್ರಿ?"

"ನೀವು ಆರಾಮ ಅದೀರಿ. ಎಲ್ಲಿ, ನಿಮ್ಮ ಮಗಂದು ಕೈ ಕೊಡ್ರಿ ಇಲ್ಲೆ."

ನನ್ನ ನಾಡಿಯ ಮೇಲೆ ಅವರು ಬೆರಳಿಟ್ಟದ್ದು ಅರೆಗಳಿಗೆ. ವಾತ ಅನ್ನುವುದಕ್ಕೂ ಬೇಸರವೆಂಬಂತೆ ಕೈ ಬಿಟ್ಟರು. ಅಪ್ಪ ತಿಂಗಳಲ್ಲಿ ಮೊದಲ ಸಲ ಬಾಯ್ತುಂಬ ನಕ್ಕ.

ಊರಿಗೆ ಮರಳುವ ದಾರಿಯಲ್ಲಿ ಬನಶಂಕರಿಯಲ್ಲಿ ಇಳಿದು ದೇವಿಗೆ ಕೈಮುಗಿದು ಹೊರಗೆ ಬಂದೆವು. ಬುಟ್ಟಿ ಹೊತ್ತ ಹೆಂಗಸರು "ರೊಟ್ಟಿ ಮೊಸರು ತಗೋರಿ" ಎಂದು ಸುತ್ತುಗಟ್ಟಿದರು. ಅಪ್ಪ ಗಿಡದ ಬುಡದಲ್ಲಿ ಕೂತೇಬಿಟ್ಟ. ಕಟಕ ರೊಟ್ಟಿ ಮುರಿದ ಸದ್ದು, ಮೇಲೆ ಕೆಂಪು ಖಾರ, ಮಡಿಕೆ ಕಾಳಿನ ಪಲ್ಯ, ಒಂದು ಇಡೀ ಉಳ್ಳಾಗಡ್ಡಿ. ಎರಡಾದವು, ಮೂರಾದವು.

"ಇನ್ನೊಂದು ಹಾಕವಾ," ಎಂದವನು ನನ್ನ ಮುಖ ನೋಡಿದ. "ಏನ್ಲೇ, ಕುಂತು ಮಾರ್ಕ್ಸ್ ಹಾಕಾಕತ್ತಿಯೇನು? ನೀನೂ ತಿನ್ನು."

"ಹೂಂ."

"ಸೆರಗು ಅಷ್ಟ ಉಳದೈತಿ. ನಾಳೆ ಮುಂಜಾನೆ ಕುಂಡ್ರತೇನಿ."

ತಿಂಗಳಿಡೀ ಮೆತ್ತನೆಯ ಅನ್ನ ಉಂಡ ಹೊಟ್ಟೆಗೆ ಒಮ್ಮೆಲೇ ಇಷ್ಟು ಖಾರ ಬಿದ್ದರೆ ಏನಾದೀತು ಎಂಬ ಪ್ರಶ್ನೆ ತುಟಿಯ ತನಕ ಬಂದಿತ್ತು. ಅದನ್ನು ರೊಟ್ಟಿಯ ಜೊತೆ ನುಂಗಿಕೊಂಡೆ. ಕೈ ತೊಳೆಯಲು ನೀರು ಹಾಕಿದೆ. ಅಪ್ಪ ಧೋತರ ಕೊಡವಿಕೊಂಡು ಬಸ್ಸಿನ ಕಡೆಗೆ ಹೊರಟ. ನಾನು ಹಿಂದೆ ಹಿಂದೆ, ಹೆಚ್ಚುಕಡಿಮೆ ಓಡುತ್ತಲೇ.